ಮನೆಯಲ್ಲಿ ಸ್ವರಸಂಯೋಜನೆ: ವಾದ್ಯವನ್ನು ಕೊಳ್ಳುವ ಮುನ್ನ

ಮನೆಯಲ್ಲೊಂದು ಹಾರ್ಮೋನಿಯಂ ಇದ್ದರೆ ಅದು ಮಕ್ಕಳ ಪಾಠಕ್ಕೂ ಹಬ್ಬದ ದಿನದ ಭಜನೆಗೂ ಒದಗುತ್ತಿದ್ದ ಕಾಲವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಈಗ ಆ ಪೆಟ್ಟಿಗೆಯ ಸ್ಥಾನಕ್ಕೆ ಕಂಪ್ಯೂಟರೂ ಅದಕ್ಕೆ ಜೋಡಿಸುವ ಕೀಬೋರ್ಡೂ ಬಂದಿವೆ. ಪದ್ಯಕ್ಕೆ ಮಟ್ಟು ಹಾಕುವ ಹವ್ಯಾಸವುಳ್ಳ ತರುಣ ತರುಣಿಯರು ನಡುಮನೆಯ ಮೂಲೆಯಲ್ಲಿಯೇ ಕುಳಿತು ಪಿಟೀಲು, ಕೊಳಲು, ಮೃದಂಗಗಳ ಮೇಳವನ್ನು ಕೂಡಿಸಬಲ್ಲರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕೆಂಬುದನ್ನರಿಯದೆ ಹಣವನ್ನು ಕಳೆದುಕೊಂಡ ಸಂಸಾರಗಳೂ ಉಂಟು. ಅಂತಹ ಒಂದು ತಪ್ಪಿಗೆ ನಾವೇ ಕಾರಣರಾದುದರಿಂದ ಈ ನಾಲ್ಕು ಮಾತುಗಳನ್ನು ಬರೆಯಲು ಮನಸ್ಸು ಮಾಡಿದೆವು.

ನಮ್ಮ ಅಕ್ಕನ ಮಗಳಿಗೆ ಸ್ವರಸಂಯೋಜನೆಯಲ್ಲಿ ಬಹಳ ಆಸಕ್ತಿ. ಅಕ್ಕ ಚೀಟಿ ಎತ್ತಿದ ಹಣವನ್ನು ನಮ್ಮ ಕೈಗಿತ್ತು, “ನಿನಗೆ ತಿಳಿದಂತೆ ಒಂದು ಒಳ್ಳೆಯದನ್ನು ತಂದುಕೊಡಪ್ಪ” ಎಂದಳು. ದೊಡ್ಡದೇ ಒಳ್ಳೆಯದೆಂದು ನಾವು ಬಗೆದು 88 ಮನೆಗಳ ಭಾರವಾದ ಕೀಬೋರ್ಡನ್ನು ಹೊತ್ತು ತಂದೆವು. ಮನೆಯವರೆಲ್ಲ ಸುತ್ತಲೂ ಕುಳಿತಿರಲು ಹುಡುಗಿ ವಾದ್ಯಕ್ಕೆ ಕೈಮುಗಿದು ಷಡ್ಜವನ್ನು ಒತ್ತಿದಳು. ಸದ್ದೇ ಇಲ್ಲ! “ಮಾವ, ಇದು ಮೂಗಿ” ಎಂದು ಅವಳು ನಕ್ಕಳು. ನಮಗೆ ಮಾತ್ರ ನಗು ಬರಲಿಲ್ಲ.

ವಾದ್ಯದಲ್ಲಿ ದೋಷವಿರಲಿಲ್ಲ; ದೋಷವಿದ್ದುದು ನಮ್ಮ ತಿಳಿವಳಿಕೆಯಲ್ಲಿ. ಕೀಬೋರ್ಡುಗಳಲ್ಲಿ ಎರಡು ಜಾತಿಗಳುಂಟು. ಒಂದು ತನ್ನೊಳಗೇ ಧ್ವನಿಯನ್ನೂ ಸ್ಪೀಕರನ್ನೂ ಇರಿಸಿಕೊಂಡು ತಾನೇ ನುಡಿಯತಕ್ಕದ್ದು. ಇನ್ನೊಂದು ಕಂಪ್ಯೂಟರಿಗೆ ಅಪ್ಪಣೆಯನ್ನು ಮಾತ್ರ ಕಳುಹಿಸತಕ್ಕದ್ದು. ಈ ಅಪ್ಪಣೆಯ ಭಾಷೆಗೆ ‘ಮಿಡಿ’ ಎಂದು ಹೆಸರು. 1983ರಲ್ಲಿ ಜಪಾನಿನ ಮತ್ತು ಅಮೆರಿಕದ ತಯಾರಕರು ಒಮ್ಮತಕ್ಕೆ ಬಂದು ಇದನ್ನು ಬಳಕೆಗೆ ತಂದರು. ಯಾವ ಮನೆಯನ್ನು ಒತ್ತಿದರು, ಎಷ್ಟು ಬಲದಿಂದ ಒತ್ತಿದರು, ಯಾವಾಗ ಬಿಟ್ಟರು ಎಂಬಷ್ಟನ್ನೇ ಅದು ತಿಳಿಸುತ್ತದೆ. ಬಲವನ್ನು 1ರಿಂದ 127ರವರೆಗಿನ ಅಂಕಿಗಳಲ್ಲಿ ಎಣಿಸುತ್ತದೆ. ನಾದವು ಹೊರಡುವುದು ಕಂಪ್ಯೂಟರಿನಲ್ಲಿರುವ ಧ್ವನಿಭಂಡಾರದಿಂದ.

ಇನ್ನು ಮನೆಗಳ ಸಂಖ್ಯೆಯ ವಿಚಾರ. 88 ಮನೆಗಳು, ಅದರಲ್ಲಿಯೂ ಸುತ್ತಿಗೆಯ ಭಾರವುಳ್ಳವು, ಪಿಯಾನೋ ಅಭ್ಯಾಸಿಗಳಿಗೆ ಅವಶ್ಯಕ. ನಮ್ಮ ಹಾಡುಗಳಿಗಾದರೋ ಕಂಠದ ಹರಹು ಮೂರು ಸ್ಥಾಯಿಗಳನ್ನು ಮೀರುವುದು ಅಪೂರ್ವ. ನಾಲ್ಕು ಸ್ಥಾಯಿಗಳ 49 ಮನೆಗಳು ಸಾಕು. ಎರಡು ಕೈಗಳಿಂದ ನುಡಿಸುವವರಿಗೆ ಐದು ಸ್ಥಾಯಿಗಳ 61 ಮನೆಗಳು ಯಥೇಷ್ಟ. ಒತ್ತುವ ಬಲಕ್ಕೆ ತಕ್ಕಂತೆ ಧ್ವನಿ ಏರಿಳಿಯುವುದೋ ಇಲ್ಲವೋ ಎಂಬುದನ್ನು ಅಂಗಡಿಯಲ್ಲಿಯೇ ಪರೀಕ್ಷಿಸತಕ್ಕದ್ದು.

ಇದಕ್ಕಿಂತ ಮುಖ್ಯವಾದುದು ಗಮಕದ ಪ್ರಶ್ನೆ. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಮನ್ನು ತನ್ನ ಪ್ರಸಾರದಿಂದ ಬಹಿಷ್ಕರಿಸಿತಷ್ಟೆ. ಅದರ ಸ್ವರಗಳು ನಿಂತಲ್ಲಿಯೇ ನಿಲ್ಲುವುವು, ಗಮಕಕ್ಕೆ ಬಾಗಲಾರವು ಎಂಬುದು ಅಂದಿನ ಆಕ್ಷೇಪಣೆಗಳಲ್ಲೊಂದು. ಆ ನಿರ್ಬಂಧವು 1971ರಿಂದೀಚೆಗೆ ಸಡಿಲವಾಯಿತು. ಆಕ್ಷೇಪಣೆಯು ಮಾತ್ರ ಕೀಬೋರ್ಡಿಗೂ ಸಲ್ಲುತ್ತದೆ. ತೋಡಿಯ ಗಾಂಧಾರವನ್ನು ಅಲುಗಿಸದೆ ಒತ್ತಿದರೆ ಕೇಳಿಸುವುದು ಸ್ವರಗಳ ಸಾಲೇ ಹೊರತು ತೋಡಿಯಲ್ಲ. ಇದಕ್ಕೆ ಪರಿಹಾರವಾಗಿ ಕೀಬೋರ್ಡಿನ ಎಡಗಡೆ ಒಂದು ಸಣ್ಣ ಚಕ್ರವಿರುತ್ತದೆ. ಅದನ್ನು ತಿರುಗಿಸಿದರೆ ಸ್ವರವು ಸಾಮಾನ್ಯವಾಗಿ ಮೇಲಕ್ಕೂ ಕೆಳಕ್ಕೂ ಎರಡೆರಡು ಸ್ವರಸ್ಥಾನಗಳಷ್ಟು ಜಾರುತ್ತದೆ. ಬೇಕಾದರೆ ಈ ಮಿತಿಯನ್ನು ಹಿಗ್ಗಿಸಬಹುದು. ಒಂದೊಂದು ಬೆರಳಿನ ಸ್ವರವನ್ನೂ ಬೇರೆಬೇರೆಯಾಗಿ ಬಾಗಿಸುವ ‘ಎಂಪಿಇ’ ಎಂಬ ಕ್ರಮವು 2018ರಲ್ಲಿ ಅಂಗೀಕೃತವಾಯಿತು. ಅಂತಹ ವಾದ್ಯಗಳಿಗೆ ಬೆಲೆ ಹೆಚ್ಚು. ನಮ್ಮ ಸಂಗೀತಕ್ಕೆ ಕೊಳ್ಳುವವರು ಮನೆಗಳನ್ನು ಎಣಿಸುವುದಕ್ಕೆ ಮೊದಲು ಈ ಚಕ್ರದ ಮೇಲೆ ಬೆರಳಿಡಲಿ.

ಧ್ವನಿಭಂಡಾರವೆಂದರೇನು? ನಿಜವಾದ ವಾದ್ಯದ ಒಂದೊಂದು ಸ್ವರವನ್ನೂ ಮೆಲ್ಲಗೆ, ಜೋರಾಗಿ, ಮತ್ತೆ ಮತ್ತೆ ನುಡಿಸಿ ಮುದ್ರಿಸಿಟ್ಟ ಸಂಗ್ರಹ. 88 ಸ್ವರಗಳನ್ನು ನಾಲ್ಕು ಬಲಗಳಲ್ಲಿ ಮೂರು ಮೂರು ಬಾರಿ ಮುದ್ರಿಸಿದರೆ 1,056 ತುಣುಕುಗಳಾದುವು. ಒಂದೊಂದೂ ಹತ್ತು ಸೆಕೆಂಡಿನದಾದರೆ, ಉತ್ತಮ ದರ್ಜೆಯ ಮುದ್ರಣದಲ್ಲಿ ಒಟ್ಟು ಸುಮಾರು 3 ಗಿಗಾಬೈಟ್ ಜಾಗ ಬೇಕು. ಒಂದು ವಾದ್ಯಕ್ಕೇ ಇಷ್ಟಾದರೆ ಒಂದು ಮೇಳಕ್ಕೆಷ್ಟೆಂಬುದನ್ನು ವಾಚಕರೇ ಊಹಿಸಬಹುದು. ಆದುದರಿಂದ ಹಾಸಿಗೆಯಿದ್ದಷ್ಟೇ ಕಾಲು ಚಾಚುವುದು ಇಲ್ಲಿಯೂ ಕ್ಷೇಮ.

ಭಂಡಾರವನ್ನು ಕೊಳ್ಳುವಾಗ ಅದನ್ನು ನುಡಿಸುವ ತಂತ್ರಾಂಶ ಯಾವುದೆಂದು ಕೇಳಿ ತಿಳಿಯಬೇಕು. ಕೆಲವು ಭಂಡಾರಗಳು ‘ಕಾಂಟಾಕ್ಟ್’ ತಂತ್ರಾಂಶದ ಉಚಿತ ಆವೃತ್ತಿಯಲ್ಲಿಯೇ ನುಡಿಯುವುವು. ಮತ್ತೆ ಕೆಲವಕ್ಕೆ ಹಣ ತೆತ್ತು ಪೂರ್ಣ ಆವೃತ್ತಿಯನ್ನು ಕೊಳ್ಳಬೇಕು. ಅಗ್ಗವೆಂದು ತಂದ ಭಂಡಾರವು ಹೀಗೆ ದುಬಾರಿಯಾಗುವುದುಂಟು. ಬಿಟ್ಟಿಯಾಗಿ ದೊರೆಯುವುದೆಲ್ಲ ಕೀಳೆಂದೂ ತಿಳಿಯಬಾರದು. ‘ಸಾಲಮಾಂಡರ್’ ಎಂಬ ಉಚಿತ ಪಿಯಾನೋ ಭಂಡಾರದಲ್ಲಿ ಯಮಹಾ ಪಿಯಾನೋವೊಂದನ್ನು 16 ಬಲಗಳಲ್ಲಿ ಮುದ್ರಿಸಲಾಗಿದೆ. ವೀಣೆ, ಕೊಳಲುಗಳ ಭಂಡಾರವಾದರೆ ಮಾದರಿಯನ್ನು ಕೇಳುವಾಗ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ರೀತಿಯನ್ನು ಗಮನಿಸಿರಿ. ಬಿಡಿಸ್ವರ ಇಂಪಾಗಿದ್ದಷ್ಟರಿಂದಲೇ ರಾಗ ಹುಟ್ಟದು.

ಮತ್ತೊಂದು ಎಚ್ಚರಿಕೆ. ಮನೆಯನ್ನು ಒತ್ತಿದ ಮೇಲೆ ಸದ್ದು ತಡವಾಗಿ ಬಂದರೆ ತಾಳವು ಕೆಡುತ್ತದೆ. ಸೆಕೆಂಡಿಗೆ 48,000 ಮಾದರಿಗಳ ಲೆಕ್ಕದಲ್ಲಿ ಕಂಪ್ಯೂಟರು 1,024 ಮಾದರಿಗಳನ್ನು ಒಟ್ಟುಗೂಡಿಸಿ ಕಳುಹಿಸಿದರೆ ಅಷ್ಟಕ್ಕೇ 21 ಮಿಲಿಸೆಕೆಂಡು ತಡ. 256ನ್ನು ಕಳುಹಿಸಿದರೆ 5 ಮಾತ್ರ. ಈ ಏರ್ಪಾಟಿಗೆ ಖರ್ಚಿಲ್ಲ. ಹೊಸ ಯಂತ್ರವನ್ನು ಕೊಳ್ಳುವ ಮುನ್ನ ಇದನ್ನು ಸರಿಪಡಿಸಿ ನೋಡತಕ್ಕದ್ದು.

ಅಕ್ಕನ ಮನೆಯಲ್ಲಿ ಮುಂದೇನಾಯಿತೆಂದು ಕೇಳುವಿರಾ? ಆ ಭಾರವಾದ ಕೀಬೋರ್ಡು ಆರು ತಿಂಗಳು ಹಳೆಯ ಸೀರೆಯ ಹೊದಿಕೆಯಡಿಯಲ್ಲಿ ಮಲಗಿತ್ತು. ಕೊನೆಗೆ ಪಿಯಾನೋ ಕಲಿಯುತ್ತಿದ್ದ ಒಬ್ಬ ಹುಡುಗನಿಗೆ ಅದನ್ನು ನಷ್ಟಕ್ಕೆ ಮಾರಿ 49 ಮನೆಗಳದೊಂದನ್ನೂ ಒಂದು ಹೆಡ್‌ಫೋನನ್ನೂ ತಂದೆವು. ನಷ್ಟವನ್ನು ನಾವು ತುಂಬಿಕೊಡಲು ಹೋದರೆ ಅಕ್ಕ, “ಹೋಗಲಿ ಬಿಡು, ಹುಡುಗಿ ಮತ್ತೆ ಹಾಡುತ್ತಿದ್ದಾಳಲ್ಲ” ಎಂದಳು. ಆ ಮಾತನ್ನು ಕೇಳಿದ ಮೇಲೆಯೇ, ಆರು ತಿಂಗಳು ಆ ಮನೆಯಲ್ಲಿ ಹಾಡು ನಿಂತಿತ್ತೆಂಬುದು ನಮಗೆ ಹೊಳೆದುದು. ಹಣದ ನಷ್ಟಕ್ಕಿಂತ ಅದು ದೊಡ್ಡದು.

ಈಗ ಹುಡುಗಿ ಶ್ರುತಿಯನ್ನೂ ತಾಳವನ್ನೂ ಭಂಡಾರದಿಂದ ತೆಗೆದುಕೊಳ್ಳುತ್ತಾಳೆ. ಗಮಕವುಳ್ಳ ಸಾಲುಗಳನ್ನು ತಾನೇ ಹಾಡಿ ಮುದ್ರಿಸುತ್ತಾಳೆ. ನಮ್ಮ ವಾಚಕರೂ ಅಂಗಡಿಗೆ ಹೋಗುವಾಗ ನುಡಿಸತಕ್ಕ ಮಗುವನ್ನು ಜೊತೆಗೆ ಕರೆದೊಯ್ಯಲಿ. ಅದು ಒಂದು ಸಾಲನ್ನು ಹಾಡಲಿ; ಆಮೇಲೆ ಆ ಸಾಲನ್ನೇ ವಾದ್ಯದ ಮೇಲೆ ನುಡಿಸಲಿ. ಕಂಠದ ಹಿಂದೆ ಕೈ ಸಲೀಸಾಗಿ ನಡೆದರೆ ಆ ವಾದ್ಯವನ್ನು ತರಬಹುದು. ನಡೆಯದಿದ್ದರೆ, ಅದೆಷ್ಟು ದೊಡ್ಡದಾದರೂ ಅಲ್ಲಿಯೇ ಬಿಟ್ಟು ಬರುವುದು ಲೇಸು.