ಮೂರು ಸಾವಿರದ ಮಣ್ಣಿನ ದೀಪ

ಎರಡು ಸಾವಿರ ವರ್ಷಗಳ ಹಿಂದೆ ಮೂವರು ತತ್ತ್ವಜ್ಞಾನಿಗಳು ಸ್ನಾನದ ಮನೆಯ ನೂಕುನುಗ್ಗಲು, ಔತಣದ ಸಾಲು, ಬೆಳಗಿನ ಸೋಮಾರಿತನದ ಬಗ್ಗೆ ತಲೆ ಕೆಡಿಸಿಕೊಂಡಿದ್ದರು. ಅವರ ಮಾತು ನಮ್ಮ ಮೊಬೈಲ್ ಸ್ಟೇಟಸ್‌ನಿಂದ ಇಳಿದು ಅಡುಗೆಮನೆಯವರೆಗೆ ಬರುವುದು ಹೇಗೆ?

ಒಂದು ಹಳೆಯ ಮಣ್ಣಿನ ದೀಪ. ಸಂತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವಂಥದ್ದು. ಅದನ್ನು ಒಬ್ಬಾತ 3,000 ದ್ರಾಕ್ಮಾ ಕೊಟ್ಟು ಕೊಂಡ. ಕೂಲಿಯಾಳಿನ ದಿನದ ದುಡಿಮೆ ಅಂದಾಜು ಒಂದು ದ್ರಾಕ್ಮಾ ಎಂದು ಹಿಡಿದರೆ ಅದು ಎಂಟು ವರ್ಷದ ಕೂಲಿ. ಆ ದೀಪದ ಹಿಂದಿನ ಯಜಮಾನ ಎಪಿಕ್ಟೆಟಸ್ ಎಂಬ ತತ್ತ್ವಜ್ಞಾನಿ. ಅದರ ಬೆಳಕಿನಲ್ಲಿ ರಾತ್ರಿ ಓದಿದರೆ ಆತನ ವಿವೇಕ ನಿದ್ದೆಯಲ್ಲೇ ತನಗೂ ಇಳಿದು ಬಂದೀತು ಎಂಬುದು ಕೊಂಡವನ ಆಸೆ. ಕ್ರಿ.ಶ. 2ನೇ ಶತಮಾನದ ವಿಡಂಬನಕಾರ ಲೂಸಿಯನ್ ಈ ಸಂಗತಿಯನ್ನು ಬರೆದಿಟ್ಟು ನಕ್ಕಿದ್ದಾನೆ. ಓದಿದ್ದು ತಲೆಗೆ ಹತ್ತದಿದ್ದರೂ ಪುಸ್ತಕ ಪೇರಿಸಿಡುವವನೊಬ್ಬನನ್ನು ಛೇಡಿಸುವ ಬರಹದಲ್ಲಿ ಅದು ಬರುತ್ತದೆ.

ಆ ಗಿರಾಕಿಯನ್ನು ನೋಡಿ ನಗುವುದಕ್ಕೆ ನನಗೆ ಸ್ವಲ್ಪ ಮುಜುಗರ. ಬೆಳಗ್ಗೆ ಆರೂವರೆಗೆ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸೂರ್ಯೋದಯದ ಚಿತ್ರದ ಮೇಲೆ ರೋಮನ್ ತತ್ತ್ವಜ್ಞಾನಿ ಮಾರ್ಕಸ್ ಆರೀಲಿಯಸ್‌ನದೊಂದು ಮಾತು ಬರುತ್ತದೆ. ನಾನೇ ಅದನ್ನು ಇನ್ನೆರಡು ಗುಂಪಿಗೆ ದಾಟಿಸುತ್ತೇನೆ. ಏಳೂಕಾಲರ ಹೊತ್ತಿಗೆ, ನನ್ನ ಸ್ಕೂಟರಿಗೆ ಅಡ್ಡ ಕಾರು ನಿಲ್ಲಿಸಿದ ಪಕ್ಕದ ಮನೆಯವರ ಮೇಲೆ ಕೂಗಾಡಿ ಮುಗಿದಿರುತ್ತದೆ. ನಾನು ದುಡ್ಡು ಕೊಡದೆ ದೀಪ ತಂದವನು. ಅವನಿಗೂ ನನಗೂ ಅಷ್ಟೇ ವ್ಯತ್ಯಾಸ.

ಕಳುವಾದ ದೀಪ

ಎಪಿಕ್ಟೆಟಸ್ ಎಂಬ ಹೆಸರಿಗೇ ‘ಗಳಿಸಿಕೊಂಡದ್ದು’ ಎಂಬ ಅರ್ಥವಿದೆ. ಆತ ಹುಟ್ಟಿದ್ದು ಸುಮಾರು ಕ್ರಿ.ಶ. 50ರಲ್ಲಿ, ಈಗಿನ ಟರ್ಕಿಯ ಪಾಮುಕ್ಕಲೆ ಬಳಿಯ ಹಿಯರಾಪೊಲಿಸ್‌ನಲ್ಲಿ. ಗುಲಾಮ; ಕಾಲು ಬೇರೆ ಕುಂಟು. ರೋಮ್‌ನಲ್ಲಿ ನೀರೋ ಚಕ್ರವರ್ತಿಯ ಕಾರ್ಯದರ್ಶಿಯಾಗಿದ್ದ ಎಪಫ್ರೊಡಿಟಸ್ ಆತನ ಯಜಮಾನ. ಗುಲಾಮನಾಗಿದ್ದಾಗಲೇ ಮುಸೋನಿಯಸ್ ರೂಫಸ್ ಎಂಬ ಗುರುವಿನ ಪಾಠ ಕೇಳಿದ. ಮುಂದೆ ಬಿಡುಗಡೆ ಸಿಕ್ಕಿತು. ಡೊಮಿಷಿಯನ್ ಚಕ್ರವರ್ತಿ ತತ್ತ್ವಜ್ಞಾನಿಗಳನ್ನು ಗಡಿಪಾರು ಮಾಡಿದಾಗ ಗ್ರೀಸ್‌ನ ನಿಕೊಪೊಲಿಸ್‌ಗೆ ಹೋಗಿ ಶಾಲೆ ತೆರೆದ. ತಾನಾಗಿ ಏನನ್ನೂ ಬರೆದಿಡಲಿಲ್ಲ. ಶಿಷ್ಯ ಆರಿಯನ್ ಬರೆದುಕೊಂಡ ಪಾಠಗಳಲ್ಲಿ ಒಂದಷ್ಟು, ಮತ್ತು ಅವುಗಳ ಸಾರವಾದ ಪುಟ್ಟ ‘ಕೈಪಿಡಿ’ ನಮಗೆ ಉಳಿದಿವೆ.

ಆ ಪಾಠಗಳಲ್ಲಿ ಇನ್ನೊಂದು ದೀಪ ಬರುತ್ತದೆ. ಮನೆದೇವರ ಪಕ್ಕದಲ್ಲಿ ಇಟ್ಟಿದ್ದ ಕಬ್ಬಿಣದ ದೀಪ. ಒಂದು ದಿನ ಸದ್ದು ಕೇಳಿ ಎಪಿಕ್ಟೆಟಸ್ ಓಡಿ ಬಂದು ನೋಡಿದರೆ ದೀಪ ಮಾಯ. ಕದ್ದವನಿಗೂ ಅದು ಬೇಕೆನಿಸಿದ್ದರಲ್ಲಿ ತಪ್ಪೇನಿದೆ, ನಾಳೆ ಮಣ್ಣಿನದೊಂದು ತಂದರಾಯಿತು ಎಂದುಕೊಂಡ. ಇದ್ದವನು ತಾನೇ ಕಳೆದುಕೊಳ್ಳುವುದು! ಬೇರೊಂದು ಪಾಠದಲ್ಲಿ ಅದೇ ಕಳವಿನ ಲೆಕ್ಕವನ್ನು ಕಳ್ಳನ ಕಡೆಯಿಂದ ನೋಡುತ್ತಾನೆ: ಒಂದು ದೀಪಕ್ಕಾಗಿ ಆ ಮನುಷ್ಯ ಕಳ್ಳನಾಗಬೇಕಾಯಿತು, ನಂಬಿಕೆಗೆ ಎರವಾಗಬೇಕಾಯಿತು. ದೀಪಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಮುಂದೆ 3,000 ದ್ರಾಕ್ಮಾಗೆ ಹೋದದ್ದು ಈ ಕಳವಿನ ನಂತರ ಮನೆಗೆ ಬಂದ ಮಣ್ಣಿನ ದೀಪವೇ ಇದ್ದೀತು.

ತತ್ತ್ವಶಾಸ್ತ್ರವೆಂದರೆ ಸಾವು, ಆತ್ಮ, ಬ್ರಹ್ಮಾಂಡ ಎಂದುಕೊಂಡವರಿಗೆ ಮೊದಲು ಬೆರಗು ಹುಟ್ಟಿಸುವುದು ಇದೇ. ಈತನ ಶಾಲೆಯಲ್ಲಿ ದೀಪ, ಮಡಕೆ, ಬಟ್ಟೆ, ಜಗಳಗಳೇ ಪಠ್ಯ. ಈ ಪಂಥಕ್ಕೆ ಸ್ಟೋಯಿಕ್ ಎಂಬ ಹೆಸರು ಬಂದದ್ದೂ ಅಂಥದೇ ಒಂದು ಜಾಗದಿಂದ. ಕ್ರಿ.ಪೂ. 300ರ ಆಸುಪಾಸು ಜೀನೋ ಎಂಬಾತ ಅಥೆನ್ಸ್‌ನ ಪೇಟೆಯ ಪಕ್ಕ, ಚಿತ್ರಗಳಿದ್ದ ಕಂಬಸಾಲಿನ ಮೊಗಸಾಲೆಯಲ್ಲಿ ಪಾಠ ಹೇಳುತ್ತಿದ್ದ. ಗ್ರೀಕರು ಅದನ್ನು ಸ್ಟೋವ ಎನ್ನುತ್ತಿದ್ದರು. ನಮ್ಮ ಜಗಲಿಯ ಹಾಗೆ, ಬಂದು ಹೋಗುವವರಿಗೆಲ್ಲ ತೆರೆದ ತಾಣ.

ಬೆಳಗ್ಗೆ: ಹಾಸಿಗೆ ಬಿಡಲಾರದ ಚಕ್ರವರ್ತಿ

ಎಪಿಕ್ಟೆಟಸ್‌ನ ಪಾಠಗಳನ್ನು ಮುಂದೆ ಒಬ್ಬ ಚಕ್ರವರ್ತಿ ಓದಿದ. ಕ್ರಿ.ಶ. 161ರಿಂದ 180ರವರೆಗೆ ರೋಮ್ ಆಳಿದ ಮಾರ್ಕಸ್ ಆರೀಲಿಯಸ್. ಆತನ ಕಾಲದಲ್ಲಿ ಸಾಮ್ರಾಜ್ಯಕ್ಕೆ ಸಾಂಕ್ರಾಮಿಕ ಬಡಿಯಿತು, ಡಾನ್ಯೂಬ್ ನದಿಯ ಗಡಿಯಲ್ಲಿ ವರ್ಷಗಟ್ಟಲೆ ಯುದ್ಧ ನಡೆಯಿತು, ಹೆತ್ತ ಮಕ್ಕಳಲ್ಲಿ ಹೆಚ್ಚಿನವರು ಕಣ್ಣೆದುರೇ ತೀರಿಕೊಂಡರು. ದಂಡಿನ ಬಿಡಾರದಲ್ಲಿ ಕೂತು ಆತ ಗ್ರೀಕ್ ಭಾಷೆಯಲ್ಲಿ ತನಗಾಗಿಯೇ ಟಿಪ್ಪಣಿ ಬರೆದುಕೊಂಡ. ಒಂದು ಅಧ್ಯಾಯದ ಕೊನೆಯಲ್ಲಿ ಬರುವ ಕಾರ್ನುಂಟಮ್ ಎಂಬ ಊರು ಈಗಿನ ಆಸ್ಟ್ರಿಯದಲ್ಲಿದೆ.

ಇಷ್ಟೆಲ್ಲ ಹೊತ್ತವನ ಟಿಪ್ಪಣಿಯಲ್ಲಿ ಒಂದು ಅಧ್ಯಾಯ ಶುರುವಾಗುವುದು ಬೆಳಗ್ಗೆ ಏಳಲು ಮನಸ್ಸಾಗದ ವಿಷಯದಿಂದ! ಹಾಸಿಗೆ ಬೆಚ್ಚಗಿದೆಯಲ್ಲ ಎಂದು ಒಂದು ಮನಸ್ಸು ರಾಗ ಎಳೆಯುತ್ತದೆ. ಬೆಚ್ಚಗೆ ಮಲಗಲೆಂದೇ ಹುಟ್ಟಿದೆಯೇನು, ಇರುವೆ ಜೇನುಗಳನ್ನು ನೋಡು ಎಂದು ಇನ್ನೊಂದು ಗದರಿಸುತ್ತದೆ. ಮತ್ತೊಂದು ಅಧ್ಯಾಯ ತೆರೆಯುವುದು ಬೆಳಗಿನ ತಯಾರಿಯಿಂದ. ಇಂದು ಮೂಗು ತೂರಿಸುವವರು, ಉಪಕಾರ ನೆನೆಯದವರು, ಹೊಟ್ಟೆಕಿಚ್ಚಿನವರು ಸಿಕ್ಕೇ ಸಿಗುತ್ತಾರೆಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಒಳಿತು ಕೆಡುಕಿನ ಅರಿವಿಲ್ಲದೆ ಹಾಗಾಗಿದ್ದಾರೆ, ಅವರೂ ತನ್ನ ಬಂಧುಗಳೇ ಎಂದು ಕೂಡಲೇ ಸೇರಿಸುತ್ತಾನೆ. ಸಿಗುವವರ ಪಟ್ಟಿ ಮೊದಲೇ ಕೈಯಲ್ಲಿದ್ದರೆ ಅವರು ಎದುರಾದಾಗ ದಿಗಿಲಿಲ್ಲ. ನಮ್ಮ ಕಚೇರಿಗೆ ಹೊರಡುವಾಗ ನಾನೂ ಒಂದು ಪಟ್ಟಿ ಮಾಡಿ ನೋಡಿದೆ. ಎರಡನೇ ದಿನ ಅದರಲ್ಲಿ ನನ್ನ ಹೆಸರೂ ಸೇರಿತು.

ಮಧ್ಯಾಹ್ನ: ಮದುವೆ ಮನೆಯ ಕುರ್ಚಿ

ಸ್ನಾನಕ್ಕೆ ಹೊರಡುವ ಮುನ್ನ ಅಲ್ಲಿ ಏನೇನಾಗುತ್ತದೆ ಎಂಬುದನ್ನು ನೆನೆದುಕೋ ಎನ್ನುತ್ತಾನೆ ಎಪಿಕ್ಟೆಟಸ್. ರೋಮನ್ನರಿಗೆ ಸ್ನಾನವೆಂದರೆ ಊರಿನ ಸಾರ್ವಜನಿಕ ಸ್ನಾನಗೃಹ. ಅಲ್ಲಿ ನೀರು ಎರಚುವವರು, ನೂಕುವವರು, ಬೈಯುವವರು, ಕದಿಯುವವರು ಎಲ್ಲರೂ ಇರುತ್ತಾರೆ. ಹೊರಡುವಾಗಲೇ ಎರಡು ಕೆಲಸ ಒಟ್ಟಿಗೆ ಹಮ್ಮಿಕೊಳ್ಳಬೇಕು: ಸ್ನಾನವೂ ಆಗಬೇಕು, ಮನಸ್ಸಿನ ಹದವೂ ಕೆಡಬಾರದು. ನೀರು ಎರಚಿದಾಗ ಮೊದಲನೆಯದಕ್ಕೆ ಅಡ್ಡಿ ಬಂದೀತು, ಎರಡನೆಯದು ಆಗಲೂ ನಮ್ಮ ಕೈಯಲ್ಲೇ ಇರುತ್ತದೆ.

ನಮಗೆ ಇದರ ಅಭ್ಯಾಸಕ್ಕೆ ಕಲ್ಯಾಣ ಮಂಟಪಕ್ಕಿಂತ ಒಳ್ಳೆಯ ಜಾಗ ಸಿಗದು. ಗಾಡಿ ನಿಲ್ಲಿಸಲು ಜಾಗವಿರುವುದಿಲ್ಲ. ಎಲೆಗೆ ಪಾಯಸ ಬೀಳುವ ಹೊತ್ತಿಗೆ ಬೆನ್ನ ಹಿಂದೆ ಒಬ್ಬರು ನಮ್ಮ ಕುರ್ಚಿ ಹಿಡಿದು ನಿಂತಿರುತ್ತಾರೆ. ದೂರದ ಅತ್ತೆಯೊಬ್ಬರು ಎಲ್ಲರಿಗೂ ಕೇಳಿಸುವಂತೆ ಮಗನಿಗೆ ಇನ್ನೂ ಕೆಲಸ ಸಿಗಲಿಲ್ಲವೇ ಎಂದು ವಿಚಾರಿಸುತ್ತಾರೆ. ಇದೆಲ್ಲ ಆಗುತ್ತದೆಂದು ಗೊತ್ತಿದ್ದೂ ಪ್ರತಿ ಸಲ ಹೊಸದಾಗಿ ಕೋಪ ಮಾಡಿಕೊಳ್ಳುವ ನಮ್ಮ ಉತ್ಸಾಹವೇ ವಿಚಿತ್ರ.

ಇದರ ಅಡಿಪಾಯವನ್ನು ‘ಕೈಪಿಡಿ’ ಮೊದಲ ತುಣುಕಿನಲ್ಲೇ ಹಾಕಿಬಿಡುತ್ತದೆ. ನಮ್ಮ ತೀರ್ಮಾನ, ಬಯಕೆ, ಯತ್ನ ನಮ್ಮವು. ಮೈ, ಆಸ್ತಿ, ಹೆಸರು, ಹುದ್ದೆ ಪೂರ್ತಿ ನಮ್ಮವಲ್ಲ. ಸ್ಟೋಯಿಕರ ಈ ವಿಚಾರಕ್ಕೆ ರೋಮನ್ ಲೇಖಕ ಸಿಸೆರೊ ಒಬ್ಬ ಬಿಲ್ಲುಗಾರನ ಹೋಲಿಕೆ ಕೊಡುತ್ತಾನೆ. ಗುರಿ ನೋಡಿ ಚೆನ್ನಾಗಿ ಹೂಡಿ ಬಿಡುವುದಷ್ಟೇ ಬಿಲ್ಲುಗಾರನ ಪಾಲು. ಬಾಣ ತಾಗುವುದು ಬಿಡುವುದು ಆಮೇಲಿನ ಮಾತು. ಮಗಳು ಸಿಇಟಿಗೆ ಓದುವಾಗ ರಾತ್ರಿ ಹನ್ನೊಂದಕ್ಕೆ ಕಾಫಿ ಮಾಡಿಕೊಡುವುದು ನನ್ನ ಪಾಲು. ಓದುವುದು ಅವಳ ಪಾಲು. ರ‍್ಯಾಂಕ್ ಇಬ್ಬರದೂ ಅಲ್ಲ. ಇಷ್ಟನ್ನು ಒಪ್ಪಿಕೊಂಡ ದಿನ ನಮ್ಮ ಮನೆಯ ಊಟದ ಮೇಜಿನಲ್ಲಿ ಬೇರೆ ಮಾತಿಗೂ ಜಾಗವಾಯಿತು.

‘ಇದನ್ನೇ ಅಲ್ಲವೇನಯ್ಯಾ ಗೀತೆ ಹೇಳಿದ್ದು?’ ಎಂದ ಗೆಳೆಯ. ಹತ್ತಿರದ ಮಾತೇ. ಆದರೆ ಗೀತೆ ನಮಗೆ ಎಷ್ಟು ಪರಿಚಿತವೆಂದರೆ, ತಲೆಯಾಡಿಸಿ ಮುಂದಕ್ಕೆ ಹೋಗಿಬಿಡುತ್ತೇವೆ. ಗುರುತಿಲ್ಲದ ಊರಿನವನೊಬ್ಬ ಸ್ನಾನದ ಮನೆಯ ರಗಳೆ ತೆಗೆದು ಅದನ್ನೇ ಹೇಳಿದಾಗ ಕಿವಿ ನೆಟ್ಟಗಾಗುತ್ತದೆ.

ಹಾಲಿನ ಲೆಕ್ಕ, ಕೋಪದ ಲೆಕ್ಕ

ಎಪಿಕ್ಟೆಟಸ್ ಕೊಡುವ ಮನೆಪಾಠಗಳಲ್ಲಿ ನನಗೆ ಬಹಳ ಹಿಡಿಸಿದ್ದು ಕೋಪದ ದಿನಗಳನ್ನು ಎಣಿಸುವುದು. ಮೊದಲು ದಿನಾ ಸಿಟ್ಟು ಬರುತ್ತಿತ್ತು, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಮೂರು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ. ಮೂವತ್ತು ದಿನ ಸಿಟ್ಟಿಲ್ಲದೆ ಕಳೆದರೆ ದೇವರಿಗೆ ಹರಕೆ ಒಪ್ಪಿಸು ಎನ್ನುತ್ತಾನೆ. ಎಷ್ಟು ಅಪರೂಪದ ಸಾಧನೆ ಎಂಬುದು ಆತನಿಗೂ ಗೊತ್ತಿತ್ತು.

ನಾನು ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರನ್ನೇ ಇದಕ್ಕೂ ಆರಿಸಿಕೊಂಡೆ. ಸಿಟ್ಟು ಮಾಡಿಕೊಂಡ ದಿನಕ್ಕೆ ಒಂದು ಅಡ್ಡಗೀಟು. ಹತ್ತು ದಿನ ಕಳೆದ ಮೇಲೆ ಹೆಂಡತಿ ಕೇಳಿದಳು: ‘ಏನ್ರೀ ಇದು, ಇಷ್ಟು ದಿನ ಹಾಲೇ ಬಂದಿಲ್ವಾ?’ ವಿಷಯ ಹೇಳಿದೆ. ಆಕೆ ಪೆನ್ನು ತೆಗೆದುಕೊಂಡು, ನಾನು ಬಿಟ್ಟಿದ್ದ ಎರಡು ದಿನಕ್ಕೂ ಗೀಟು ಹಾಕಿದಳು.

ಎಣಿಕೆಯಿಂದ ಕೋಪ ಓಡಿಹೋಗಲಿಲ್ಲ. ಅದು ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ಕಂಡಿತು. ಗೀಟುಗಳಲ್ಲಿ ಮುಕ್ಕಾಲು ಪಾಲು ಬೆಳಗ್ಗೆ ಏಳರಿಂದ ಎಂಟರ ನಡುವಿನವು, ಹೊತ್ತಾಯಿತೆಂಬ ದಿಗಿಲಿನವು. ನಮ್ಮನ್ನು ಕಲಕುವುದು ನಡೆದ ಸಂಗತಿಗಿಂತ ಹೆಚ್ಚಾಗಿ ಅದರ ಬಗ್ಗೆ ನಾವು ಕೊಟ್ಟ ತೀರ್ಪು ಎಂಬ ಎಪಿಕ್ಟೆಟಸ್‌ನ ವಿಚಾರ ಇಲ್ಲಿ ಕೈಗೆ ಸಿಗುತ್ತದೆ. 1950ರ ದಶಕದಲ್ಲಿ ಆಲ್ಬರ್ಟ್ ಎಲ್ಲಿಸ್, ಆಮೇಲೆ ಆ್ಯರನ್ ಬೆಕ್ ರೂಪಿಸಿದ ಮನೋಚಿಕಿತ್ಸೆಗಳ ಬೇರಿನಲ್ಲೂ ಇದೇ ವಿಚಾರವಿದೆ. ಇಬ್ಬರೂ ಸ್ಟೋಯಿಕರ ಋಣವನ್ನು ಒಪ್ಪಿಕೊಂಡಿದ್ದಾರೆ. ಇಂದು ಸಿಬಿಟಿ ಎಂಬ ಹೆಸರಿನಲ್ಲಿ ನಮ್ಮ ಆಸ್ಪತ್ರೆಗಳಲ್ಲೂ ನಡೆಯುವ ಚಿಕಿತ್ಸೆಯಲ್ಲಿ, ಮನಸ್ಸಿಗೆ ಬಂದ ಯೋಚನೆಯನ್ನು ಬರೆದು ಅದು ನಿಜವೇ ಎಂದು ಪರೀಕ್ಷಿಸುವ ಅಭ್ಯಾಸವಿದೆ. ನನ್ನ ಕ್ಯಾಲೆಂಡರು ಅದರ ಬಡ ನೆಂಟ.

ಇನ್ನೊಂದು ಪಾಠ ಹಿಡಿಗಳ ಬಗ್ಗೆ. ಎಲ್ಲ ಸಂಗತಿಗೂ ಎರಡು ಹಿಡಿಗಳಿರುತ್ತವೆ. ಒಂದರಿಂದ ಎತ್ತಬಹುದು, ಇನ್ನೊಂದರಿಂದ ಆಗದು. ಎಪಿಕ್ಟೆಟಸ್ ಕೊಡುವ ಉದಾಹರಣೆ ಅನ್ಯಾಯ ಮಾಡಿದ ಅಣ್ಣತಮ್ಮಂದಿರದು. ‘ಅನ್ಯಾಯ ಮಾಡಿದ’ ಎಂಬ ಕಡೆಯಿಂದ ಹಿಡಿದರೆ ಅದು ಮೇಲೇಳುವುದಿಲ್ಲ. ‘ಒಟ್ಟಿಗೆ ಬೆಳೆದವನು’ ಎಂಬ ಕಡೆಯಿಂದ ಹಿಡಿದರೆ ಎತ್ತಬಹುದು. ಮನೆ ಪಾಲಾದ ಮೇಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಇಲ್ಲದ ಊರು ನಮ್ಮಲ್ಲಿ ಯಾವುದಿದೆ? ಪಾಲಿನ ಕಾಗದ ತಕರಾರಿನದಾದರೆ ಕೋರ್ಟಿಗೆ ಹೋಗಲಿ. ತಾಯಿಯ ತಿಥಿಯ ದಿನ ಮಾತ್ರ ಇನ್ನೊಂದು ಹಿಡಿಗೆ ಕೈ ಹಾಕಬಹುದು.

ಸಹಿಸಿಕೊಂಡಿರು ಎಂದೇ?

ಇಷ್ಟು ಓದಿದವರಿಗೆ ಒಂದು ಅನುಮಾನ ಬರಬೇಕು. ಎಲ್ಲವನ್ನೂ ಸಹಿಸು, ಬಾಯಿ ಮುಚ್ಚಿಕೊಂಡಿರು ಎಂಬುದಕ್ಕೆ ಇದು ಚೆಂದದ ಹೊದಿಕೆಯಲ್ಲವೇ? ಸಂಬಳ ಏರಿಸದ ಸಂಸ್ಥೆಗಳು ನೌಕರರಿಗೆ ಮನಃಶಾಂತಿಯ ಶಿಬಿರ ಏರ್ಪಡಿಸುವುದು ಸುಮ್ಮನೆಯೇ?

ಅನುಮಾನ ನ್ಯಾಯವಾದದ್ದು. ಉತ್ತರ ಎಪಿಕ್ಟೆಟಸ್‌ನೇ ಹೇಳಿದ, ರೋಮನ್ ರಾಜಕಾರಣಿ ಹೆಲ್ವಿಡಿಯಸ್ ಪ್ರಿಸ್ಕಸ್‌ನ ಕಥೆಯಲ್ಲಿದೆ. ಸೆನೆಟ್ ಸಭೆಗೆ ಬರಬೇಡ ಎಂದು ವೆಸ್ಪೇಷಿಯನ್ ಚಕ್ರವರ್ತಿ ಹೇಳಿ ಕಳಿಸಿದ. ಸದಸ್ಯತ್ವ ಕಿತ್ತುಕೊಳ್ಳುವುದು ನಿನ್ನ ಕೈಲಿದೆ, ಸದಸ್ಯನಾಗಿರುವ ತನಕ ಬರುವುದು ನನ್ನ ಕರ್ತವ್ಯ ಎಂದ ಹೆಲ್ವಿಡಿಯಸ್. ಬಂದರೂ ಮಾತಾಡಬೇಡ ಎಂದರೆ, ಅಭಿಪ್ರಾಯ ಕೇಳದಿದ್ದರೆ ಸುಮ್ಮನಿರುತ್ತೇನೆ, ಕೇಳಿದರೆ ಸರಿ ಕಂಡದ್ದನ್ನು ಹೇಳಲೇಬೇಕು ಎಂದ. ಕೊಲ್ಲಿಸುತ್ತೇನೆ ಎಂದಾಗ, ನಾನು ಸಾವಿಲ್ಲದವನೆಂದು ಯಾವಾಗ ಹೇಳಿದ್ದೆ ಎಂದು ಕೇಳಿದ. ಮುಂದೆ ಆತನ ಕೊಲೆಯೂ ಆಯಿತು. ಬಾಯಿ ತೆರೆಯುವುದು ಕೈಯಲ್ಲಿರುವ ಸಂಗತಿಗಳ ಪಟ್ಟಿಯಲ್ಲಿ ಸೇರುತ್ತದೆ. ಅದನ್ನು ಬಿಟ್ಟುಕೊಟ್ಟವನ ಶಾಂತಿಯನ್ನು ಸ್ಟೋಯಿಕರು ಶಾಂತಿಯೆಂದು ಕರೆಯಲಿಲ್ಲ.

ರಾತ್ರಿ: ದೀಪ ಆರಿದ ಮೇಲೆ

ಆ ಮೂವರು ತತ್ತ್ವಜ್ಞಾನಿಗಳಲ್ಲಿ ಮೂರನೆಯವನು ಸೆನೆಕ. ನೀರೋನ ಗುರು, ರೋಮ್‌ನ ದೊಡ್ಡ ಸಿರಿವಂತರಲ್ಲಿ ಒಬ್ಬ. ಬಡತನದ ಅಭ್ಯಾಸ ಮಾಡಿ ಎಂದು ಬರೆದವನ ಮನೆಯ ಐಶ್ವರ್ಯ ಕಂಡು ಆ ಕಾಲದಲ್ಲೇ ಜನ ಆಡಿಕೊಂಡರು. ಕೊನೆಗೆ ಕ್ರಿ.ಶ. 65ರಲ್ಲಿ ಅದೇ ಶಿಷ್ಯನ ಆಜ್ಞೆಯಂತೆ ಪ್ರಾಣ ಬಿಡಬೇಕಾಯಿತು. ನುಡಿದಂತೆ ನಡೆಯಲು ಹೆಣಗಿದ, ಹಲವು ಸಲ ಸೋತ ಮನುಷ್ಯ. ನಮ್ಮಂಥವರಿಗೆ ಹತ್ತಿರದವನು.

ಕೋಪದ ಬಗ್ಗೆ ಬರೆದ ಪುಸ್ತಕದಲ್ಲಿ ಆತ ತನ್ನ ರಾತ್ರಿಯ ರೂಢಿಯನ್ನು ಹೇಳುತ್ತಾನೆ. ಸೆಕ್ಸ್ಟಿಯಸ್ ಎಂಬ ಹಿರಿಯನಿಂದ ಕಲಿತದ್ದು. ಕೋಣೆಯ ದೀಪ ಒಯ್ದ ಮೇಲೆ, ತನ್ನ ರೂಢಿ ಬಲ್ಲ ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಇಡೀ ದಿನವನ್ನು ಕಣ್ಣ ಮುಂದೆ ತಂದುಕೊಳ್ಳುವುದು. ಏನನ್ನೂ ಮುಚ್ಚಿಡುವುದಿಲ್ಲ. ಆ ವಾದದಲ್ಲಿ ಬಿರುಸಾಗಿ ಮಾತಾಡಿದೆ. ಆ ಮನುಷ್ಯನಿಗೆ ಬುದ್ಧಿ ಹೇಳಲು ಹೋಗಿ ನೋಯಿಸಿದೆ. ಔತಣದಲ್ಲಿ ತಕ್ಕ ಜಾಗ ಕೊಡಲಿಲ್ಲವೆಂದು ಸಿಡುಕಿದ ಪ್ರಸಂಗವೂ ಬರುತ್ತದೆ. ಮದುವೆ ಮನೆಯ ಕುರ್ಚಿ ಅಲ್ಲೂ ಇತ್ತು! ಇನ್ನೊಮ್ಮೆ ಹಾಗೆ ಮಾಡಬೇಡ ಎಂದು ತನಗೆ ಹೇಳಿಕೊಂಡು, ಈ ಸಲ ಕ್ಷಮಿಸಿ ಮಲಗುತ್ತಾನೆ. ಆಮೇಲಿನ ನಿದ್ದೆ ಸುಖದ್ದಂತೆ.

ಕೆಲವು ರಾತ್ರಿಗಳಿಂದ ನಾನೂ ಲೈಟು ಆರಿಸಿ, ಫೋನನ್ನು ಹೊರಗಿನ ಕೋಣೆಯಲ್ಲಿಟ್ಟು ಮಲಗುತ್ತಿದ್ದೇನೆ. ಫ್ಯಾನಿನ ಸದ್ದಿನ ಕೆಳಗೆ ದಿನ ಒಂದೊಂದಾಗಿ ವಾಪಸು ಬರುತ್ತದೆ. ಮೊನ್ನೆ ಹಾಗೆ ಬಂದದ್ದು ಪಕ್ಕದ ಮನೆಯವರ ಮುಖ. ಅವರ ತಾಯಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂಬುದು ನನಗೆ ಗೊತ್ತಿತ್ತು. ನಸುಕಿನಲ್ಲಿ ಆಸ್ಪತ್ರೆಯಿಂದ ಬಂದು ಸಿಕ್ಕಲ್ಲಿ ಕಾರು ನಿಲ್ಲಿಸುತ್ತಾರೆ ಎಂಬುದನ್ನು ಮಾತ್ರ ನಾನು ಕೂಡಿಸಿ ನೋಡಿರಲಿಲ್ಲ. ಮರುದಿನ ಬೆಲ್ ಒತ್ತಿ, ‘ಸಾರ್, ಕೀ ಕೊಡಿ, ನಾನೇ ಸರಿಯಾಗಿ ನಿಲ್ಲಿಸ್ತೀನಿ’ ಎಂದೆ. ಆ ದಿನಕ್ಕೆ ಕ್ಯಾಲೆಂಡರಿನಲ್ಲಿ ಗೀಟಿಲ್ಲ. ಹೆಂಡತಿಯೂ ಹಾಕಲಿಲ್ಲ.

3,000 ದ್ರಾಕ್ಮಾ ಕೊಟ್ಟವನು ದೀಪ ಹಚ್ಚಿಟ್ಟು ರಾತ್ರಿಯಿಡೀ ಕಾದಿರಬೇಕು. ಪಾಪ, ಅದನ್ನೊಮ್ಮೆ ಆರಿಸಿ ನೋಡು ಎಂದು ಹೇಳುವವರು ಯಾರೂ ಹತ್ತಿರ ಇರಲಿಲ್ಲ.