ಅಕ್ಷಿಪಟಲದ ದಪ್ಪ ಮತ್ತು ಬುದ್ಧಿಶಕ್ತಿಯ ಕ್ಷಯ

ಅರವತ್ತಕ್ಕೆ ಅರಳುಮರಳು ಎಂಬುದು ನಮ್ಮಲ್ಲಿ ರೂಢಿಯಲ್ಲಿರುವ ಗಾದೆ. ಮುಪ್ಪಿನ ಮರೆವನ್ನು ಸಹಜವೆಂದು ಭಾವಿಸಿ ಸುಮ್ಮನಾಗುವ ಮನೋಭಾವ ಅದರಲ್ಲಿ ಅಡಗಿದೆ. ಆದರೆ ಡಿಮೆನ್ಷಿಯಾ ಎಂಬುದು ಮುಪ್ಪಿನ ಅನಿವಾರ್ಯ ಫಲವಲ್ಲ. ಅದು ಮೆದುಳಿನ ರೋಗಗಳಿಂದ ಉಂಟಾಗುವ ಸ್ಥಿತಿ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ ಅರವತ್ತು ವರ್ಷ ತುಂಬಿದವರ ಪೈಕಿ ಶೇಕಡ 7.4ರಷ್ಟು ಮಂದಿ, ಎಂದರೆ ಸುಮಾರು 88 ಲಕ್ಷ ಜನ, ಇದಕ್ಕೆ ಈಡಾಗಿದ್ದಾರೆ. ನಗರಗಳಿಗಿಂತ ಹಳ್ಳಿಗಳಲ್ಲಿಯೇ ಇದರ ಪ್ರಮಾಣ ಹೆಚ್ಚು. ಇದನ್ನು ಮೊದಲೇ ಗುರುತಿಸಲು ಕಣ್ಣು ನೆರವಾಗಬಲ್ಲುದೇ ಎಂಬುದು ಪ್ರಸ್ತುತ ಲೇಖನದ ವಿಷಯ.

ಕಣ್ಣಿನ ಹಿಂಬದಿಯ ಒಳಗೋಡೆಯನ್ನು ಆವರಿಸಿರುವ ತೆಳುಪೊರೆಗೆ ಅಕ್ಷಿಪಟಲವೆಂದು ಹೆಸರು. ಭ್ರೂಣಾವಸ್ಥೆಯಲ್ಲಿ ಅದು ಮೆದುಳಿನಿಂದಲೇ ಚಾಚಿಕೊಂಡು ಬೆಳೆಯುತ್ತದೆ. ಅಲ್ಲಿನ ನರಕೋಶಗಳಿಂದ ಹೊರಡುವ ಸುಮಾರು ಹತ್ತು ಲಕ್ಷ ತಂತುಗಳು ಒಂದುಗೂಡಿ, ದೃಷ್ಟಿನರವಾಗಿ ಮೆದುಳನ್ನು ಸೇರುತ್ತವೆ. ಆದ್ದರಿಂದ ಮೆದುಳಿನ ನರಕೋಶಗಳು ನಶಿಸುವಾಗ ಈ ತಂತುಗಳೂ ಕ್ಷಯಿಸಿ, ಅವುಗಳ ಪದರವು ತೆಳುವಾಗಬಹುದೆಂದು ಊಹಿಸಲು ಅವಕಾಶವುಂಟು. ಅಲ್ಜೈಮರ್ ರೋಗಿಗಳ ದೃಷ್ಟಿನರಗಳನ್ನು ಮರಣಾನಂತರ ಪರೀಕ್ಷಿಸಿದ ಅಮೆರಿಕದ ವಿಜ್ಞಾನಿಗಳು 1986ರಲ್ಲಿ ಇಂಥ ಕ್ಷಯವನ್ನು ವರದಿಮಾಡಿದರು.

ಬದುಕಿರುವವರಲ್ಲಿ ಈ ಪದರವನ್ನು ಅಳೆಯುವ ಸಾಧನವು 1991ರಲ್ಲಿ ಬೆಳಕಿಗೆ ಬಂದಿತು. ಓ.ಸಿ.ಟಿ. ಎಂಬ ಈ ಯಂತ್ರವು ಕಣ್ಣಿನೊಳಕ್ಕೆ ಮಂದವಾದ ಕಿರಣವನ್ನು ಹಾಯಿಸಿ, ಬೇರೆ ಬೇರೆ ಪದರಗಳಿಂದ ಪ್ರತಿಫಲಿಸಿದ ಬೆಳಕನ್ನು ಹೋಲಿಸಿ, ಅವುಗಳ ದಪ್ಪವನ್ನು ಮೈಕ್ರಾನುಗಳಲ್ಲಿ ತಿಳಿಸುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ದೃಷ್ಟಿನರದ ಸುತ್ತಲಿನ ತಂತುಪದರವು ಆರೋಗ್ಯವಂತರಲ್ಲಿ ಸರಾಸರಿ ನೂರು ಮೈಕ್ರಾನಿನ ಆಸುಪಾಸಿನಲ್ಲಿರುತ್ತದೆ. ಬ್ರಿಟನ್ನಿನ ಮೂವತ್ತೆರಡು ಸಾವಿರಕ್ಕೂ ಮಿಕ್ಕ ಜನರ ಪರಿಶೀಲನೆಯಲ್ಲಿ, ಈ ಪದರ ತೆಳುವಾಗಿದ್ದವರು ಬುದ್ಧಿಪರೀಕ್ಷೆಗಳಲ್ಲಿ ಹಿಂದೆ ಬಿದ್ದದ್ದು 2018ರಲ್ಲಿ ವರದಿಯಾಯಿತು. ಅದೇ ವರ್ಷ ಪ್ರಕಟವಾದ ಹಾಲೆಂಡಿನ ರಾಟರ್‌ಡ್ಯಾಮ್ ಅಧ್ಯಯನವು, ಅಂಥವರಿಗೆ ಮುಂದೆ ಡಿಮೆನ್ಷಿಯಾ ತಗಲುವ ಸಂಭವ ಹೆಚ್ಚೆಂದು ತೋರಿಸಿತು.

ಈ ಅಳತೆಯಿಂದ ನಮ್ಮ ಸೀಮೆಗೆ ಏನು ಪ್ರಯೋಜನ? ಪಾವಗಡ, ಮಧುಗಿರಿಗಳ ಕಡೆಯ ಕ್ಯಾತಗಾನಚೆರ್ಲುವಿನಂಥ ಗ್ರಾಮವನ್ನೇ ತೆಗೆದುಕೊಳ್ಳೋಣ. 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡು ಎಲ್ಲೆಡೆ ಹಬ್ಬಿದ ಬುದ್ಧಿಪರೀಕ್ಷೆಯಲ್ಲಿ ತಾರೀಖು ಹೇಳುವುದು, ನೂರರಿಂದ ಏಳೇಳನ್ನು ಕಳೆಯುತ್ತ ಹೋಗುವುದು, ಒಂದು ವಾಕ್ಯ ಬರೆಯುವುದು ಸೇರಿವೆ. ಮಳೆನಕ್ಷತ್ರಗಳಿಂದ ಕಾಲವನ್ನೆಣಿಸುವ ನಿರಕ್ಷರ ರೈತನು ಇದರಲ್ಲಿ ಸೋತರೆ, ಅದು ಓದುಬರಹದ ಕೊರತೆಯೋ ಮೆದುಳಿನ ರೋಗವೋ ತಿಳಿಯದು. ನಿವೃತ್ತ ಉಪಾಧ್ಯಾಯನಾದರೋ ರೋಗವು ತಲೆದೋರಿದ ಮೇಲೂ ಸರಿಯುತ್ತರ ಕೊಟ್ಟಾನು. ಹರಿಯಾಣದ ಬಲ್ಲಭಗಢದಲ್ಲಿ ನಿರಕ್ಷರರಿಗೆಂದೇ ಹಿಂದಿಯಲ್ಲಿ ಬೇರೆ ಪರೀಕ್ಷೆಯನ್ನು ರಚಿಸಬೇಕಾಗಿ ಬಂದುದು ಈ ಕಾರಣದಿಂದಲೇ. ಕಣ್ಣಿನ ಅಳತೆಗೆ ಅಕ್ಷರಜ್ಞಾನದ ಅಗತ್ಯವಿಲ್ಲ, ಭಾಷೆಯ ತೊಡಕೂ ಇಲ್ಲ.

ಪಾವಗಡದಂತೆಯೇ ಆಂಧ್ರದ ಗಡಿಯಲ್ಲಿರುವ, ಕನ್ನಡ ತೆಲುಗುಗಳೆರಡೂ ಬಳಕೆಯಲ್ಲಿರುವ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನ ಕೇಂದ್ರವು 2018ರಲ್ಲಿ ದೀರ್ಘಕಾಲದ ಅಧ್ಯಯನವೊಂದನ್ನು ಆರಂಭಿಸಿತು. ನಲವತ್ತೈದು ತುಂಬಿದ ಹತ್ತು ಸಾವಿರ ಗ್ರಾಮಸ್ಥರನ್ನು ಸೇರಿಸಿಕೊಂಡು, ಅವರನ್ನು ಮತ್ತೆ ಮತ್ತೆ ಪರೀಕ್ಷಿಸುವುದು ಅದರ ಗುರಿ. ಸ್ಮರಣಶಕ್ತಿ, ರಕ್ತ, ಮೆದುಳಿನ ಚಿತ್ರಗಳೊಡನೆ ಅಕ್ಷಿಪಟಲದ ಚಿತ್ರಣವೂ ಅದರಲ್ಲಿ ಸೇರಿದೆ.

ಆದರೂ ಈ ಆಧಾರವನ್ನು ಎಚ್ಚರದಿಂದ ಬಳಸಬೇಕು. ಗ್ಲಾಕೋಮ, ಮಧುಮೇಹ, ತೀವ್ರವಾದ ಸಮೀಪದೃಷ್ಟಿ, ಬರಿಯ ವಯಸ್ಸು, ಇವುಗಳಿಂದಲೂ ಪದರವು ತೆಳುವಾಗುತ್ತದೆ. ಪೊರೆ ಬಂದ ಕಣ್ಣಿನಲ್ಲಿ ಚಿತ್ರವೇ ಮಸುಕಾಗುತ್ತದೆ. ರೋಗಿಗಳಿಗೂ ನಿರೋಗಿಗಳಿಗೂ ನಡುವಣ ಅಂತರ ಕೆಲವೇ ಮೈಕ್ರಾನುಗಳಷ್ಟಾದುದರಿಂದ, ಒಬ್ಬ ವ್ಯಕ್ತಿಯ ಮೇಲೆ ಈ ಅಳತೆಯೊಂದರಿಂದಲೇ ತೀರ್ಪು ಕೊಡಲಾಗದು. ಶಾಸನದ ಅಕ್ಷರ ಸವೆದ ಮಾತ್ರಕ್ಕೆ ಅದು ಪ್ರಾಚೀನವೆಂದು ಇತಿಹಾಸಕಾರನು ನಿರ್ಣಯಿಸುವುದಿಲ್ಲ. ಕಲ್ಲನ್ನು ಹಾದಿಗೆ ಹಾಸಿದ್ದರೂ ಅಕ್ಷರ ಸವೆದೀತು. ಇಲ್ಲಿಯೂ ಇತರ ಆಧಾರಗಳ ಸಮರ್ಥನೆ ಬೇಕು.

ಬಿ12 ಜೀವಸತ್ವದ ಕೊರತೆ, ಥೈರಾಯ್ಡಿನ ದೋಷ, ಮನಸ್ಸಿನ ಖಿನ್ನತೆ, ಇವುಗಳಿಂದ ಬರುವ ಮರೆವಿಗೆ ಚಿಕಿತ್ಸೆಯುಂಟು. ಮರೆಯತೊಡಗಿದ ಹಿರಿಯರನ್ನು ಗಾದೆಯ ಮಾತಿಗೆ ಒಪ್ಪಿಸಿಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕಾದುದು ಈ ಕಾರಣದಿಂದಲೂ ಅಗತ್ಯ. ಅಲ್ಲಿ ನಡೆಯುವ ವಿಚಾರಣೆಯಲ್ಲಿ ಅಕ್ಷಿಪಟಲದ ಅಳತೆಯು ಒಂದು ಸಾಕ್ಷಿಯಾಗಬಲ್ಲುದು.