ಉಳಿದವರ ಬಳಲಿಕೆ: ಉದ್ಯೋಗಕಡಿತದ ದಿನಗಳಲ್ಲಿ ಮನೋಧೈರ್ಯದ ವಿಚಾರ

ಒಂದು ಸಂಸ್ಥೆಗೆ ಕಷ್ಟಕಾಲ ಒದಗಿದಾಗ ಅದರ ಲೆಕ್ಕ ಬರೆಯುವವರು ನಷ್ಟವನ್ನು ರೂಪಾಯಿಗಳಲ್ಲಿ ಕಾಣಿಸುತ್ತಾರೆ. ಕೆಲಸದಿಂದ ತೆಗೆಯಲ್ಪಟ್ಟವರ ಎಣಿಕೆಯನ್ನು ಪತ್ರಿಕೆಗಳು ಪ್ರಕಟಿಸುತ್ತವೆ. ಈ ಎರಡು ಲೆಕ್ಕಗಳಿಗೂ ಸೇರದ ಮೂರನೆಯ ನಷ್ಟವೊಂದುಂಟು. ಇನ್ನೂ ಕೆಲಸದಲ್ಲಿಯೇ ಇದ್ದು, ನಾಳೆ ತನ್ನ ಸರದಿಯೋ ಏನೋ ಎಂದು ಕಾದಿರುವವನ ಮನಸ್ಸಿನ ಸವೆತವೇ ಅದು. ಆ ಸವೆತದ ಸ್ವರೂಪವೇನು, ಅದರ ಮೂಲ ಎಲ್ಲಿದೆ, ಅದನ್ನು ತಡೆಯುವ ಉಪಾಯಗಳಾವುವು ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇನೆ.

ಹೊರನಾಡಿನ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಹುಟ್ಟೂರಿನಲ್ಲಿ ಇರುವವನಿಗೆ ಕೆಲಸ ಹೋದರೂ ಮನೆ, ನೆರೆಹೊರೆ, ಹಿತ್ತಿಲ ನಾಲ್ಕು ಮರಗಳು ಉಳಿಯುತ್ತವೆ. ಪರಸ್ಥಳಕ್ಕೆ ಹೋದವನಿಗಾದರೋ ಕೆಲಸವೇ ಊರು. ಬಾಡಿಗೆಯ ಮನೆ, ಮಕ್ಕಳ ಶಾಲೆ, ಸ್ನೇಹಿತರ ಬಳಗ, ಭಾನುವಾರದ ಸಂಘ, ಎಲ್ಲವೂ ಆ ಒಂದು ಸಂಬಳದ ಕಂಬಕ್ಕೆ ಕಟ್ಟಿದ ಚಪ್ಪರ. ಆದುದರಿಂದ ಕಂಬ ಅಲುಗಾಡಿದ ಸಪ್ಪಳ ಅವನಿಗೆ ಹೆಚ್ಚು ಗಟ್ಟಿಯಾಗಿ ಕೇಳಿಸುತ್ತದೆ.

1. ಕಳಕ್ಕೂಟಂನ ನಿದರ್ಶನ

ಪನವೇಲಿನಿಂದ ಹೊರಟು ಕಾರವಾರ, ಉಡುಪಿ, ಮಂಗಳೂರು, ಕಾಸರಗೋಡುಗಳನ್ನು ಹಾದು ಕನ್ಯಾಕುಮಾರಿಗೆ ಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ, ತಿರುವನಂತಪುರ ಪಟ್ಟಣದ ಉತ್ತರಕ್ಕೆ, ಕಳಕ್ಕೂಟಂ ಇದೆ. ಕೇರಳ ಸರಕಾರ 1990ರಲ್ಲಿ ಅಲ್ಲಿ ಟೆಕ್ನೋಪಾರ್ಕನ್ನು ಸ್ಥಾಪಿಸಿತು. ನಮ್ಮ ದೇಶದಲ್ಲಿ ಈ ಬಗೆಯ ತಂತ್ರಜ್ಞಾನದ ನೆಲೆಗಳಲ್ಲಿ ಅದೇ ಮೊದಲನೆಯದು. ಇಂದು ಅಲ್ಲಿ ದುಡಿಯುವವರು ಎಪ್ಪತ್ತು ಸಾವಿರಕ್ಕೂ ಹೆಚ್ಚು. ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಸಂಸ್ಥೆ ಹೊಸಬರಿಗೆ ಮೊದಲ ಪಾಠ ಹೇಳುವ ಕೇಂದ್ರವನ್ನು ಅಲ್ಲಿ ಇರಿಸಿಕೊಂಡುದರಿಂದ, ಕರ್ನಾಟಕದ ಅನೇಕ ತರುಣರಿಗೆ ಉದ್ಯೋಗಜೀವನದ ಮೊದಲ ಊರು ಕಳಕ್ಕೂಟಂ. ಅದೇ ಸಂಸ್ಥೆ 2025ರ ಜುಲೈಯಲ್ಲಿ ತನ್ನ ಸಿಬ್ಬಂದಿಯಲ್ಲಿ ಶೇಕಡಾ 2ರಷ್ಟು, ಎಂದರೆ ಹನ್ನೆರಡು ಸಾವಿರಕ್ಕೂ ಮೇಲ್ಪಟ್ಟು ಜನರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಮುಖ್ಯವಾಗಿ ಮಧ್ಯಮ ಮತ್ತು ಮೇಲಿನ ದರ್ಜೆಯವರಿಗೆ ಇದು ತಟ್ಟುವುದೆಂದು ಹೇಳಿದಾಗ, ಹಿಂದೆ ಅಲ್ಲಿ ತರಬೇತಿ ಪಡೆದು ಈಗ ನಲವತ್ತರ ಸಮೀಪಕ್ಕೆ ಬಂದವರ ಮನಸ್ಸು ಹೇಗಾಗಿರಬಹುದೆಂಬುದನ್ನು ಊಹಿಸಬಹುದು.

ಇದಕ್ಕಿಂತ ಮೊದಲೇ ಅಲ್ಲಿ ನಡೆದ ಇನ್ನೊಂದು ಪ್ರಸಂಗ ನಮ್ಮ ವಿಷಯಕ್ಕೆ ಹೆಚ್ಚು ಬೋಧಪ್ರದವಾಗಿದೆ. 2022ರ ಅಕ್ಟೋಬರಿನಲ್ಲಿ, ಬೆಂಗಳೂರಿನಲ್ಲಿ ಮುಖ್ಯ ಕಚೇರಿಯುಳ್ಳ ಬೈಜೂಸ್ ಎಂಬ ಶಿಕ್ಷಣ ಕಂಪನಿ, ಐವತ್ತು ಸಾವಿರದಷ್ಟಿದ್ದ ತನ್ನ ನೌಕರರಲ್ಲಿ ಸುಮಾರು 2,500 ಮಂದಿಯನ್ನು ತೆಗೆಯಲು ನಿರ್ಧರಿಸಿತು. ಟೆಕ್ನೋಪಾರ್ಕಿನ ಅದರ ಶಾಖೆಯಲ್ಲಿದ್ದ ನೂರಕ್ಕೂ ಹೆಚ್ಚು ಜನ, ತಮ್ಮಿಂದ ಬಲವಂತವಾಗಿ ರಾಜೀನಾಮೆ ಬರೆಸಿಕೊಳ್ಳಲಾಗುತ್ತಿದೆ ಎಂದು ದೂರಿದರು. ಅವರು ಒಬ್ಬೊಬ್ಬರಾಗಿ ಮನೆಗೆ ಹೋಗಲಿಲ್ಲ. 'ಪ್ರತಿಧ್ವನಿ' ಎಂಬ ತಂತ್ರಜ್ಞಾನ ನೌಕರರ ಸಂಘಟನೆಯ ಮೂಲಕ ಕಾರ್ಮಿಕ ಮಂತ್ರಿ ವಿ. ಶಿವನ್‌ಕುಟ್ಟಿಯವರನ್ನು ಕಂಡು, ತಮಗೆ ಬರಬೇಕಾದ ಸಂಬಳ ಮತ್ತು ರಜೆಯ ಹಣದ ವಿವರವನ್ನು ಮುಂದಿಟ್ಟರು. ನವೆಂಬರ್ ಮೊದಲ ವಾರದಲ್ಲಿ, ಮುಖ್ಯಮಂತ್ರಿಗಳೊಡನೆ ಕಂಪನಿಯ ಸ್ಥಾಪಕರ ಮಾತುಕತೆಯಾದ ಬಳಿಕ, ತಿರುವನಂತಪುರದ ಶಾಖೆ ಮುಂದುವರಿಯುವುದೆಂಬ ಪ್ರಕಟಣೆ ಹೊರಬಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದನ್ನು ವಿಜಯವೆಂದು ಬರೆಯಬಹುದಾಗಿತ್ತು. ಆದರೆ 2024ರ ಜುಲೈಯಲ್ಲಿ ಆ ಕಂಪನಿಯೇ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಲಿಯ ಮುಂದೆ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಹಾಗಾದರೆ 2022ರಲ್ಲಿ ಆ ನೌಕರರು ಪಡೆದುದೇನು? ಶಾಶ್ವತವಾದ ಕೆಲಸವನ್ನಂತೂ ಅಲ್ಲ. ತಮ್ಮ ಸ್ಥಿತಿ ಏನೆಂಬ ಸ್ಪಷ್ಟವಾದ ಒಂದು ಮಾತು, ಮುಂದಿನದನ್ನು ಯೋಚಿಸಲು ಸ್ವಲ್ಪ ಕಾಲ, ಮತ್ತು ತಾವು ಒಂಟಿಯಲ್ಲವೆಂಬ ಅರಿವು: ಇಷ್ಟನ್ನು ಪಡೆದರು. ಇವು ಅಲ್ಪವೆಂದು ತೋರಬಹುದು. ಮುಂದೆ ನೋಡುವಂತೆ, ಮನೋಧೈರ್ಯವೆಂಬುದು ಬಹುಮಟ್ಟಿಗೆ ಈ ಮೂರರಿಂದಲೇ ಆದುದು.

2. ಶಬ್ದದ ವಿಚಾರ

ಇಲ್ಲಿ ಪರಿಭಾಷೆಯನ್ನು ಸ್ವಲ್ಪ ತಿಳಿಗೊಳಿಸುವುದು ಅವಶ್ಯ. ಪತ್ರಿಕೆಗಳು ಇಂದು 'ಲೇಆಫ್' ಎನ್ನುವುದು ನಮ್ಮ ಕಾನೂನಿನ ಲೇಆಫ್ ಅಲ್ಲ. 1947ರ ಔದ್ಯೋಗಿಕ ವಿವಾದಗಳ ಅಧಿನಿಯಮದಲ್ಲಿಯೂ, 2025ರ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯಲ್ಲಿಯೂ ಲೇಆಫ್ ಎಂದರೆ, ಕಲ್ಲಿದ್ದಲೋ ವಿದ್ಯುತ್ತೋ ಕಚ್ಚಾ ಸಾಮಗ್ರಿಯೋ ಇಲ್ಲದೆ ಕೆಲಸ ಕೊಡಲಾಗದ ತಾತ್ಕಾಲಿಕ ಸ್ಥಿತಿ. ನೌಕರನ ಹೆಸರು ಹಾಜರಿಪಟ್ಟಿಯಲ್ಲಿಯೇ ಇರುತ್ತದೆ. ನೌಕರಿಯನ್ನು ಕೊನೆಗಾಣಿಸುವುದು 'ರಿಟ್ರೆಂಚ್‌ಮೆಂಟ್'. ಅದಕ್ಕೆ ಒಂದು ತಿಂಗಳ ಸೂಚನೆ ಅಥವಾ ಅದರ ಬದಲಿಗೆ ಸಂಬಳ, ಹಾಗೂ ಪೂರೈಸಿದ ಪ್ರತಿವರ್ಷಕ್ಕೆ 15 ದಿನಗಳ ಸರಾಸರಿ ವೇತನದ ಪರಿಹಾರ ಎಂಬ ಕಟ್ಟಳೆ ಇದೆ. ಆದರೆ ಈ ರಕ್ಷಣೆ ಕಾನೂನಿನ ಅರ್ಥದಲ್ಲಿ 'ಕಾರ್ಮಿಕ' ಎನಿಸಿಕೊಂಡವನಿಗೆ ಮಾತ್ರ. ಆಡಳಿತದ ಹೊಣೆಯುಳ್ಳವರಿಗೆ ಅನ್ವಯಿಸದು. ಅವರಿಗೆ ನೇಮಕಾತಿ ಪತ್ರದ ಒಕ್ಕಣೆಯೇ ಆಧಾರ.

ಇವೆರಡಕ್ಕಿಂತ ಬೇರೆಯಾದ ಮೂರನೆಯದು ರಾಜೀನಾಮೆ. ಸ್ವಂತ ಇಚ್ಛೆಯಿಂದ ಬಿಟ್ಟೆನೆಂದು ಬರೆದುಕೊಟ್ಟವನು ರಿಟ್ರೆಂಚ್‌ಮೆಂಟಿನ ಪರಿಹಾರವನ್ನು ಕೇಳುವ ನೆಲೆಯನ್ನು ತಾನೇ ಸಡಿಲಿಸಿಕೊಳ್ಳುತ್ತಾನೆ. ಟೆಕ್ನೋಪಾರ್ಕಿನ ನೌಕರರು ರಾಜೀನಾಮೆಯ ಪ್ರಶ್ನೆಯನ್ನೇ ಮುಂದುಮಾಡಿದುದರಲ್ಲಿ ಈ ವಿವೇಕವಿತ್ತು. ಒಂದು ಶಬ್ದದ ಅರ್ಥ ತಿಳಿಯದೆ ಮನೆಯ ಆರು ತಿಂಗಳ ಅನ್ನ ಹೋಗಬಹುದು.

3. ಬಳಲಿಕೆಯ ಲಕ್ಷಣ

ಇಂಗ್ಲಿಷಿನಲ್ಲಿ 'ಬರ್ನ್‌ಔಟ್' ಎಂದು ಹೆಸರಾದ ಸ್ಥಿತಿಯನ್ನು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರ ಲೇಖನವೊಂದರಲ್ಲಿ ವಿವರಿಸಿದನು. ಎಣ್ಣೆ ತೀರಿದ ದೀಪದಲ್ಲಿ ಬತ್ತಿಯೇ ಉರಿಯತೊಡಗುವುದನ್ನು ಕಂಡವರಿಗೆ ಈ ಸ್ಥಿತಿಯ ವರ್ಣನೆ ಕಷ್ಟವಾಗದು. ಕ್ರಿಸ್ಟಿನಾ ಮಾಸ್ಲಾಕ್ ಎಂಬ ವಿದುಷಿ ಇದರಲ್ಲಿ ಮೂರು ಅಂಗಗಳನ್ನು ಗುರುತಿಸಿದಳು: ವಿಶ್ರಾಂತಿಯಿಂದಲೂ ಹೋಗದ ದಣಿವು, ಕೆಲಸದ ಬಗೆಗೂ ಜನರ ಬಗೆಗೂ ಹುಟ್ಟುವ ನಿರಾದರ, ತನ್ನಿಂದ ಏನೂ ಆಗದೆಂಬ ಭಾವನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ಮೂರನ್ನೇ ಅಂಗೀಕರಿಸಿ, ಇದು ರೋಗವಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿಂಗಡಿಸಿತು. ಈ ವಿಂಗಡಣೆಯ ಅರ್ಥ ದೊಡ್ಡದು. ದೋಷವನ್ನು ಹುಡುಕಬೇಕಾದ ಮೊದಲ ಸ್ಥಳ ದುಡಿಯುವವನ ಮನಸ್ಸಲ್ಲ. ಅವನ ದುಡಿಮೆಯ ಏರ್ಪಾಡು.

ಉದ್ಯೋಗಕಡಿತದ ಕಾಲದಲ್ಲಿ ಈ ಮೂರೂ ಒಟ್ಟಿಗೆ ಬರುವುದಕ್ಕೆ ಕಾರಣಗಳಿವೆ. ಹೋದವರ ಕೆಲಸ ಉಳಿದವರ ಮೇಲೆ ಬೀಳುತ್ತದೆ, ಆದುದರಿಂದ ದಣಿವು. ಹತ್ತು ವರ್ಷ ಪ್ರಾಮಾಣಿಕವಾಗಿ ದುಡಿದ ಗೆಳೆಯನು ಒಂದು ಮಧ್ಯಾಹ್ನ ಹೋದುದನ್ನು ಕಂಡಮೇಲೆ ಶ್ರಮಕ್ಕೂ ಫಲಕ್ಕೂ ಸಂಬಂಧವಿದೆಯೆಂಬ ನಂಬಿಕೆ ಸಡಿಲವಾಗುತ್ತದೆ, ಆದುದರಿಂದ ನಿರಾದರ. ತಾನೇಕೆ ಉಳಿದೆನೆಂಬುದಕ್ಕೂ ಉತ್ತರವಿಲ್ಲದುದರಿಂದ ಉಳಿದುದು ಸಹ ತನ್ನ ಯೋಗ್ಯತೆಯ ಸಾಕ್ಷಿಯಾಗುವುದಿಲ್ಲ, ಆದುದರಿಂದ ನಿಷ್ಫಲತೆ. ಅಮೆರಿಕದ ಡೇವಿಡ್ ನೋಯರ್ 1993ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಉಳಿದವರ ಈ ಅಸ್ವಾಸ್ಥ್ಯವನ್ನೇ ಪ್ರತ್ಯೇಕವಾಗಿ ವಿವೇಚಿಸಿದ್ದಾನೆ.

4. ಮೂಲವೆಲ್ಲಿ?

ಕಷ್ಟಕ್ಕಿಂತ ಕಷ್ಟದ ನಿರೀಕ್ಷೆ ಹೆಚ್ಚು ಸುಡುತ್ತದೆಂಬುದು ಲೋಕಾನುಭವ. ಅದಕ್ಕೆ ಶಾಸ್ತ್ರದ ಆಧಾರವೂ ಉಂಟು. 1960ರ ದಶಕದಲ್ಲಿ ಅಮೆರಿಕದಲ್ಲಿ ಮುಚ್ಚಲಿದ್ದ ಕಾರ್ಖಾನೆಗಳ ಕೆಲಸಗಾರರನ್ನು ಕಾಸ್ಲ್ ಮತ್ತು ಕಾಬ್ ಎಂಬವರು ಪರೀಕ್ಷಿಸಿ 1970ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾರ್ಖಾನೆ ಇನ್ನೂ ನಡೆಯುತ್ತಿದ್ದು, ಮುಚ್ಚುವ ಸುದ್ದಿ ಮಾತ್ರ ತಿಳಿದಿದ್ದಾಗಲೇ ಅವರ ರಕ್ತದ ಒತ್ತಡ ಏರಿತ್ತು. ಬೇರೆ ಕೆಲಸ ಸಿಕ್ಕಿ ಬಾಳು ಸ್ಥಿರವಾದ ಮೇಲೆ ಇಳಿಯಿತು. ಸಂಬಳ ನಿಲ್ಲುವುದಕ್ಕೆ ಮೊದಲೇ ದೇಹ ಲೆಕ್ಕವನ್ನು ತೆರೆದಿತ್ತು.

ಕೆಲಸದಿಂದ ನಮಗೆ ದೊರೆಯುವುದು ಸಂಬಳ ಮಾತ್ರವೆಂದು ತಿಳಿದವರಿಗೆ ವಿಯೆನ್ನಾದ ಹತ್ತಿರದ ಮಾರಿಯೆಂಥಾಲ್ ಎಂಬ ಹಳ್ಳಿಯ ಅಧ್ಯಯನ ಕಣ್ಣು ತೆರೆಸುತ್ತದೆ. 1930ರ ಸುಮಾರಿಗೆ ಅಲ್ಲಿನ ಬಟ್ಟೆಯ ಗಿರಣಿ ಮುಚ್ಚಿತು. ಮಾರಿ ಯಾಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಅವರು ನಡೆಸಿದ ಪರಿಶೀಲನೆ 1933ರಲ್ಲಿ ಪುಸ್ತಕವಾಗಿ ಬಂದಿತು. ಬಿಡುವು ಬೇಕಾದಷ್ಟಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಗಂಡಸರ ನಡಿಗೆಯೇ ನಿಧಾನವಾಗಿತ್ತು. ದಿನಕ್ಕೊಂದು ಕಟ್ಟು, ಮನೆಯ ಹೊರಗಿನ ಜನರ ಒಡನಾಟ, ಹಲವರೊಡನೆ ಸೇರಿದ ಗುರಿ, ಸಮಾಜದಲ್ಲಿ ಒಂದು ಸ್ಥಾನ, ನಿಯತವಾದ ಚಟುವಟಿಕೆ: ಈ ಐದನ್ನು ಕೆಲಸವು ನಮಗೆ ತಿಳಿಯದಂತೆಯೇ ಒದಗಿಸುತ್ತದೆಂದು ಯಾಹೋಡಾ ಮುಂದೆ ವಿವರಿಸಿದಳು.

ಬ್ಯಾಂಕಿನಲ್ಲಿರುವ ನನ್ನಂಥವರಿಗೆ ಇದರ ಸತ್ಯ ಇನ್ನೊಂದು ಬಗೆಯಲ್ಲಿ ಮನವರಿಕೆಯಾಗಿದೆ. 2017ರ ಏಪ್ರಿಲ್ 1ರಂದು ತಿರುವಾಂಕೂರು ಸ್ಟೇಟ್ ಬ್ಯಾಂಕ್ ಮತ್ತು ಮೈಸೂರು ಸ್ಟೇಟ್ ಬ್ಯಾಂಕುಗಳು ಒಂದೇ ದಿನ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದುವು. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಕಾರ್ಪೊರೇಶನ್ ಬ್ಯಾಂಕ್, ಹೀಗೆ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಮೂರು ಹೆಸರುಗಳು ಫಲಕಗಳಿಂದ ಇಳಿದುವು. ವಿಲೀನದಿಂದ ಯಾರ ನೌಕರಿಯೂ ಹೋಗದೆಂದು ಸರಕಾರ ಭರವಸೆಯಿತ್ತಿತು, ಸಂಬಳವೂ ಬಂದಿತು. ಆದರೂ ಅನೇಕರಲ್ಲಿ ಒಂದು ಬಗೆಯ ಸೂತಕದ ಭಾವ ಕವಿದಿತ್ತು. ಸಂಬಳ ಉಳಿದು ಗುರುತು ಹೋದಾಗಲೂ ಮನೋಧೈರ್ಯ ಕುಂದುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

5. ಉಪಾಯಗಳು

ಮೇಲಿನ ವಿವೇಚನೆಯಿಂದ ಒಂದು ತತ್ತ್ವ ಹೊರಡುತ್ತದೆ. ಅನಿಶ್ಚಿತತೆಯಿಂದ ಹುಟ್ಟಿದ ಬಳಲಿಕೆಗೆ ಉತ್ಸಾಹದ ಭಾಷಣ ಮದ್ದಲ್ಲ. ನಿಶ್ಚಿತವಾದುದನ್ನು ಒಂದೊಂದಾಗಿ ಹೆಚ್ಚಿಸಿಕೊಳ್ಳುವುದೇ ಮದ್ದು.

ಮೊದಲನೆಯದು ಲೆಕ್ಕ. ಭಯಕ್ಕೆ ಅಂಕಿ ಕೊಟ್ಟರೆ ಅದು ಅರ್ಧಕ್ಕೆ ಇಳಿಯುತ್ತದೆ. ನೇಮಕಾತಿ ಪತ್ರವನ್ನು ಮತ್ತೆ ಓದಿ ಸೂಚನಾವಧಿಯನ್ನು ತಿಳಿಯಬೇಕು. ಐದು ವರ್ಷದ ಸೇವೆ ತುಂಬಿದವನಿಗೆ ಗ್ರಾಚ್ಯುಟಿ ಸಲ್ಲುತ್ತದೆ. ಭವಿಷ್ಯನಿಧಿ ಅವನ ಸ್ವಂತ ಹಣ, ಕಂಪನಿ ಬಿದ್ದರೆ ಅದು ಬೀಳದು. ಮನೆಯ ತಿಂಗಳ ಖರ್ಚನ್ನು ಬರೆದು, ಸಂಬಳವಿಲ್ಲದೆ ಎಷ್ಟು ತಿಂಗಳು ನಡೆಯುವುದೆಂದು ಮಡದಿ ಅಥವಾ ಗಂಡನೊಡನೆ ಕುಳಿತು ನೋಡಬೇಕು. ಈ ಲೆಕ್ಕವನ್ನು ಮನೆಯವರಿಂದ ಮುಚ್ಚಿಡುವುದು ಎರಡನೆಯ ಕಚೇರಿಯನ್ನು ಮನೆಯಲ್ಲಿ ತೆರೆದಂತೆ. ಇಂಥ ಕಾಲದಲ್ಲಿ ಹೊಸ ಸಾಲ ಬೇಡ. ಹಾಗೆಯೇ ಇದ್ದ ನಗದನ್ನೆಲ್ಲ ಸುರಿದು ಹಳೆಯ ಗೃಹಸಾಲವನ್ನು ತೀರಿಸುವ ಅವಸರವೂ ಬೇಡ. ಕಂತು ತಪ್ಪಬಹುದೆಂದು ಕಂಡರೆ, ತಪ್ಪುವುದಕ್ಕೆ ಮೊದಲೇ ಬ್ಯಾಂಕಿಗೆ ಹೋಗಿ ಹೇಳಬೇಕು. ಮುಂಚಿತವಾಗಿ ಬಂದವನಿಗೆ ಅವಧಿ ಹೊಂದಿಸಿಕೊಡುವ ದಾರಿಗಳು ಕೆಲವಾದರೂ ಇರುತ್ತವೆ; ಮೂರು ಕಂತು ತಪ್ಪಿದ ಮೇಲೆ ಆ ದಾರಿಗಳು ಇಕ್ಕಟ್ಟಾಗುತ್ತವೆ.

ಎರಡನೆಯದು ದುಡಿಮೆಯ ಮಿತಿ. ಭಯಗೊಂಡವನು ಹನ್ನೆರಡು ಗಂಟೆ ದುಡಿದು ತನ್ನ ಅವಶ್ಯಕತೆಯನ್ನು ಸಿದ್ಧಮಾಡಲು ಹೊರಡುತ್ತಾನೆ. ಆದರೆ ಕಡಿತದ ಪಟ್ಟಿ ಬಹುಮಟ್ಟಿಗೆ ವಿಭಾಗವನ್ನೂ ವೆಚ್ಚವನ್ನೂ ನೋಡಿ ಸಿದ್ಧವಾಗುತ್ತದೆ. ರಾತ್ರಿ ದೀಪ ಉರಿದುದನ್ನು ಅದು ಎಣಿಸುವುದಿಲ್ಲ. ಕಾಯಕದ ಹೆಸರು ಹೇಳಿ ಮಿತಿಯಿಲ್ಲದ ದುಡಿಮೆಯನ್ನು ಸಮರ್ಥಿಸುವವರು ಆಯ್ದಕ್ಕಿ ಮಾರಯ್ಯನ ಕಥೆಯನ್ನು ಪೂರ್ತಿ ಓದಬೇಕು. ಕಾಯಕವನ್ನು ಮರೆತು ಮಾತಿನಲ್ಲಿ ತೊಡಗಿದ್ದ ಗಂಡನನ್ನು ಎಚ್ಚರಿಸಿದ ಲಕ್ಕಮ್ಮನೇ, ಅವನು ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಇದ್ದಲ್ಲಿಗೆ ಸುರಿದು ಬರುವಂತೆ ಹೇಳಿದಳು. ಕಾಯಕಕ್ಕೆ ನಿಷ್ಠೆಯೂ ಉಂಟು, ಅಳತೆಯೂ ಉಂಟು.

ಮೂರನೆಯದು ಒಡನಾಟ. ಕಳಕ್ಕೂಟಂನ ನೌಕರರು ಗುಂಪಾಗಿ ಹೋದುದರಿಂದ ಅವರ ದೂರಿಗೆ ಬಲ ಬಂದಿತೆಂಬುದು ಒಂದು ಮಾತು. ಗುಂಪಾಗಿ ಕುಳಿತುದರಿಂದ ಒಬ್ಬೊಬ್ಬನೂ ತಾನೇ ಅಯೋಗ್ಯನೆಂದು ತಿಳಿಯುವುದು ತಪ್ಪಿರಬೇಕೆಂಬುದು ಅದಕ್ಕಿಂತ ಹೆಚ್ಚಿನ ಮಾತು. ಇನ್ನು, ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆಂಬ ಆಲೋಚನೆ ಸುಳಿದರೆ, ವೈದ್ಯರನ್ನು ಕಾಣಲು ಸಂಕೋಚಪಡಬಾರದು. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ದೂರವಾಣಿ ಸೇವೆ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ.

ಆಡಳಿತ ನಡೆಸುವವರಿಗೂ ಒಂದು ಮಾತು. ಕಡಿತ ಅನಿವಾರ್ಯವಾದರೆ ಎಷ್ಟು, ಯಾವಾಗ, ಯಾವ ಅಳತೆಯಿಂದ ಎಂಬುದನ್ನು ಒಂದೇ ಸಲ ಹೇಳುವುದು ಕರುಣೆ. ತಿಂಗಳಿಗೆ ಹತ್ತರಂತೆ ಕಳುಹಿಸುವುದರಿಂದ ಉಳಿದ ಸಾವಿರ ಜನರೂ ಪ್ರತಿತಿಂಗಳು ಅರ್ಧ ಹೋದವರಾಗುತ್ತಾರೆ.

6. ಸಂಘಗಳ ಹೊಣೆ

ಮುಂಬಯಿಯ ಕನ್ನಡ ರಾತ್ರಿಶಾಲೆಗಳನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತಿದ ಹುಡುಗರು ರಾತ್ರಿ ಅಲ್ಲಿ ಕಲಿತು ಕಚೇರಿಗಳಿಗೂ ಬ್ಯಾಂಕುಗಳಿಗೂ ಬಂದರು. ಅಕ್ಷರದ ಜೊತೆಗೆ ಆ ಶಾಲೆಗಳು ಕೊಟ್ಟುದು, ಮಾಲೀಕನ ಹೋಟೆಲಿನ ಹೊರಗೂ ತನಗೊಂದು ಸ್ಥಾನವಿದೆಯೆಂಬ ಧೈರ್ಯವನ್ನು. ಯಾಹೋಡಾ ಎಣಿಸಿದ ಐದರಲ್ಲಿ ಹೆಚ್ಚಿನವನ್ನು ಅವು ಒದಗಿಸಿದುವು. ಇಂದಿನ ಹೊರನಾಡ ಸಂಘಗಳು ರಾಜ್ಯೋತ್ಸವ, ನಾಟಕ, ಸನ್ಮಾನಗಳ ಜೊತೆಗೆ ತಿಂಗಳಿಗೊಂದು ಸಂಜೆಯನ್ನು ಇದಕ್ಕೆ ಮೀಸಲಿಡಬಹುದು: ಒಬ್ಬ ವಕೀಲ, ಒಬ್ಬ ಲೆಕ್ಕಿಗ, ಒಬ್ಬ ವೈದ್ಯ, ಕೆಲಸ ಕಳೆದುಕೊಂಡು ಮತ್ತೆ ಎದ್ದುನಿಂತ ಇಬ್ಬರು ಹಿರಿಯರು, ಮತ್ತು ಒಂದು ಕೊಠಡಿ. ಕೆಲಸ ಹೋದವನ ವರ್ಷದ ಚಂದಾವನ್ನು ಕೇಳದೆ ಅವನ ಹೆಸರನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳುವುದು ಸಂಘಕ್ಕೆ ದೊಡ್ಡ ನಷ್ಟವಲ್ಲ. ಅವನಿಗೆ ಅದು ಆ ಊರಿನಲ್ಲಿ ಉಳಿಯಲು ಒಂದು ಕಾರಣ.